ಪುಕ್ಕಟೆ ಅಕ್ಕಿಯೂ ನನ್ನ ಬೆರಳೂ

ಅಚ್ಚಾದದ್ದನ್ನೆಲ್ಲ ಸತ್ಯವೆಂದು ಒಪ್ಪಿಕೊಳ್ಳುವ ಗುಣ ನನಗೆ ಕೊನೆಗೂ ಬರಲಿಲ್ಲ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು, ಕೊಳ್ಳೇಗಾಲದ ನಮ್ಮ ಮನೆಯ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ಬಿಡುವಿನಲ್ಲಿ ಗ್ರಂಥಾಲಯ ಸೇರಿ ಓದು ಕಲಿತವನು ನಾನು. ಜಗಳವಾಡದೆ ಓದಿದರೆ ಓದಿದಂತೆಯೇ ಅನಿಸುವುದಿಲ್ಲ. ಹಾಗಾಗಿ, ಕಾಯಿಲೆಗೆ ಮದ್ದು ಮಾಡುವುದಕ್ಕಿಂತ ಅದು ಬಾರದಂತೆ ಸಿರಿಧಾನ್ಯ ಉಣ್ಣುವುದೇ ಲಾಭವೆಂದು ಪತ್ರಿಕೆಯೊಂದು ಬರೆದಾಗ, ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ, ಸಾಲುಸಾಲಿಗೂ ಖಂಡಿಸಿದೆ. ಸೊಸೈಟಿಯ ಅಕ್ಕಿ ಪುಕ್ಕಟೆ, ನವಣೆಗೆ ಕಾಸು ಬಿಚ್ಚಬೇಕು. ಪುಕ್ಕಟೆಗಿಂತ ಅಗ್ಗವಾದ ಪದಾರ್ಥ ಯಾವುದೆಂದು ಲೇಖಕರು ತಿಳಿಸಿರಲಿಲ್ಲ. ಅವಳು ಅವರೆಕಾಯಿ ಸುಲಿಯುತ್ತಲೇ ಇದ್ದಳು. ವಾದದಲ್ಲಿ ಗೆದ್ದೆನೆಂದೇ ನಾನು ತಿಳಿದುಕೊಂಡೆ.

ನನಗೆ ಶುಗರ್ ಇದೆಯೆಂದು ಡಾಕ್ಟರಮ್ಮ ಹೇಳಿದ್ದನ್ನೂ ಪೂರ್ತಿ ನಂಬಿರಲಿಲ್ಲ. ಮಾತ್ರೆಯನ್ನು ಮರ್ಯಾದೆಗೆಂದು ನುಂಗುತ್ತಿದ್ದೆ. ಮೂರು ಹೊತ್ತೂ ಅನ್ನ, ಮೇಲೆ ಕುಂತೂರು ಕಡೆಯ ಆಲೆಮನೆಯ ಬೆಲ್ಲ. ಹನೂರಿನಲ್ಲಿ ಬೇಸಾಯ ಮಾಡುವ ಭಾಮೈದ ಮಾದೇವ ಬರುವಾಗಲೆಲ್ಲ ಬಸ್ಸಿನಲ್ಲಿ ರಾಗಿ ಚೀಲ ತಂದಿಳಿಸಿ, "ಮುದ್ದೆ ಉಣ್ಣಿ ಭಾವ, ಆಸ್ಪತ್ರೆಗೆ ಸುರಿಯಾದು ಉಳೀತದೆ" ಎನ್ನುತ್ತಿದ್ದ. ಹೋಗುವಾಗ ಅದೇ ಚೀಲದಲ್ಲಿ ನಮ್ಮ ಸೊಸೈಟಿ ಅಕ್ಕಿಯನ್ನು ತುಂಬಿಕೊಂಡು ಹೋಗುತ್ತಿದ್ದ. ಉಪದೇಶಕನ ಬಗ್ಗೆ ನನಗೆ ಅನುಮಾನ ಹುಟ್ಟಲು ಇಷ್ಟು ಸಾಲದೆ?

ಈ ನಡುವೆ ನನ್ನ ಮಗ್ಗದಲ್ಲಿ ರೇಷ್ಮೆ ಕೆಟ್ಟಿತು. ಎಳೆ ಕಡಿಯುವುದು ಹೊಸದಲ್ಲ. ಆದರೆ ನಾನು ಹೊಸೆದು ಕೂಡಿಸಿದ ಎಳೆ ನಿಲ್ಲುತ್ತಲೇ ಇರಲಿಲ್ಲ. ಒಂದು ಸೀರೆಯಂತೂ ಒಡಲಿನಲ್ಲಿ ಉದ್ದಕ್ಕೂ ಗೀರು ಬಿದ್ದಿದೆಯೆಂದು ಅಂಗಡಿಯಿಂದ ವಾಪಸು ಬಂತು. ಇಂಥದ್ದೇ ಇನ್ನೊಂದು ಬಂದರೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಬೇಕಾಗುತ್ತಿತ್ತು. ನೂಲಿಗೆ ಹುರಿ ಹಾಕಿಕೊಡುವ ಗೆಳೆಯ ರಂಗಪ್ಪನ ಮನೆಗೆ ಹೋಗಿ, ಹುರಿಯಲ್ಲಿ ಸತ್ವವಿಲ್ಲವೆಂದು ಜಗಳ ತೆಗೆದೆ. ಬೀದಿಯವರೆಲ್ಲ ಅದೇ ನೂಲಿನಲ್ಲಿ ನೇಯುತ್ತಿದ್ದಾರಲ್ಲ ಎಂದು ಅವನು ಮೆತ್ತಗೆ ಹೇಳಿದ್ದು ನನಗೆ ಸಾಕ್ಷ್ಯವಾಗಿ ಕಾಣಲಿಲ್ಲ, ಅಹಂಕಾರವಾಗಿ ಕಂಡಿತು.

ಅಂದು ಸಂಜೆ ಹೆಂಡತಿ ಒಂದು ಎಳೆ ತಂದು ನನ್ನ ಕೈಗಿಟ್ಟಳು. ನಮ್ಮಲ್ಲಿ ಎಳೆಯನ್ನು ಕಣ್ಣಿನಿಂದ ನೋಡುವವರು ಹೊಸಬರು. ಹಳಬರು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸರಿಸಿ ತಿಳಿಯುತ್ತಾರೆ.

"ಕಣ್ ಮುಚ್ಕಳಿ. ಗಂಟು ಎಲ್ಲದೆ ಅಂತ ಏಳಿ," ಎಂದಳು.

ತುದಿಯಿಂದ ತುದಿಗೆ ಸರಿಸಿದೆ. ಗಂಟೇ ಇಲ್ಲವೆಂದು ತೀರ್ಪು ಕೊಟ್ಟು ಕಣ್ಣು ಬಿಟ್ಟರೆ, ನಡುಮಧ್ಯದಲ್ಲಿ ಸಾಸಿವೆಯಂಥ ಗಂಟು ನನ್ನನ್ನೇ ನೋಡುತ್ತಿತ್ತು.

"ರೇಷ್ಮೆಗೇನೂ ಆಗಿಲ್ಲ ಕಣ್ರೀ," ಎಂದಳು. ದನಿಯಲ್ಲಿ ಗೆಲುವಿರಲಿಲ್ಲ. "ಅಕ್ಕಿ ಪುಕ್ಸಟ್ಟೆ ಅಂತೀರಲ್ಲ, ಬೆರಳ್ನ ಯಾವ್ ಸೊಸೈಟೀಲಿ ಕೊಟ್ಟಾರು?"

ಪತ್ರಿಕೆಯ ಲೇಖಕರು ಈ ಒಂದು ಮಾತು ಬರೆದಿದ್ದರೆ ನಾನು ಅಂದೇ ಒಪ್ಪುತ್ತಿದ್ದೆ. ರಂಗಪ್ಪನ ಮನೆಗೆ ಹೋಗಿ ಕೈ ಹಿಡಿದುಕೊಂಡೆ; ಅವನು ಕಾಫಿ ಕೊಟ್ಟ, ಸಕ್ಕರೆ ಹಾಕಲಿಲ್ಲ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಡಾಕ್ಟರಮ್ಮ, ಶುಗರಿನಿಂದ ಬೆರಳಿನ ಸ್ಪರ್ಶ ಹೋದದ್ದೆಲ್ಲ ಮರಳೀತೆಂದು ಹೇಳಲಾರೆ, ಬಾಯಿ ಕಟ್ಟಿದರೆ ಇರುವುದು ಉಳಿದೀತು ಎಂದರು. ಅಂದಿನಿಂದ ಮುದ್ದೆ, ಸೊಪ್ಪಿನ ಸಾರು. ಈಗ ನಾನು ಯಳಂದೂರಿನ ನೆಂಟರ ಮದುವೆಯ ಪಂಕ್ತಿಯಲ್ಲಿ ಕೂತರೂ ಅಕ್ಕಪಕ್ಕದವರಿಗೆ ಆಹಾರದ ಅರ್ಥಶಾಸ್ತ್ರ ಬೋಧಿಸುತ್ತೇನೆ. ಅವರು ಎಲೆ ಎತ್ತಿಕೊಂಡು ದೂರ ಕೂರುತ್ತಾರೆ.

ಆದರೂ ಅನುಮಾನ ನನ್ನ ಹುಟ್ಟುಗುಣ. ಪಥ್ಯ ನಿಜವಾಗಿ ಫಲ ಕೊಡುತ್ತಿದೆಯೇ ಎಂದು ಪರೀಕ್ಷಿಸಲು ಒಂದು ಅಚ್ಚು ಬೆಲ್ಲವನ್ನು ಲಾಳಿಗೆ ಹಾಕುವ ನೂಲಿನ ಕಂಡಿಕೆಗಳ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದೆ. ಮೊನ್ನೆ ಆಚೀಚೆ ನೋಡಿ, ಡಬ್ಬಿಯೊಳಗೆ ಕೈ ಇಳಿಸಿದೆ. ಬೆಲ್ಲವಿರಲಿಲ್ಲ. ಅದರ ಜಾಗದಲ್ಲಿ ಯಾರೋ ಇಟ್ಟಿದ್ದ ಒಂದು ರೇಷ್ಮೆ ಎಳೆ ಬೆರಳಿಗೆ ತಾಗಿತು. ಸರಿಸುತ್ತ ಹೋದಂತೆ, ನಡುವೆ, ಸಾಸಿವೆಯಂಥ ಒಂದು ಗಂಟು. ಮಬ್ಬಾಗಿ, ಆದರೆ ಖಂಡಿತವಾಗಿ ಸಿಕ್ಕಿತು.

ಬೆರಳಿಗೆ ಜೀವ ಬರುತ್ತಿದೆಯೆಂಬ ಸಿಹಿಸುದ್ದಿಯನ್ನು ಅಡುಗೆಮನೆಗೆ ಓಡಿ ಹೇಳಬೇಕೆನಿಸಿತು. ಆದರೆ ಗಂಟು ಎಲ್ಲಿ ಸಿಕ್ಕಿತೆಂದು ಅವಳು ಕೇಳಿದರೆ?