ಬಳ್ಳಾರಿಯಲ್ಲಿ ಚಳಿಗಾಲದ ಟೈರು

“ವಿರೂಪಣ್ಣಾ, ಹೆದರಬ್ಯಾಡ, ಕೈ ಇಟ್ಟು ನೋಡು!”

ಎರ್ರಿಸ್ವಾಮಿ ತನ್ನ ಹಳೆಯ ಕಾರಿನ ಮುಂದಿನ ಟೈರನ್ನು ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಾ ನಿಂತಿದ್ದ. ನಾನು ಕೈ ಇಡಲಿಲ್ಲ. ನಾನೊಬ್ಬ ವಿಮೆ ಏಜೆಂಟ್. ಎರ್ರಿಸ್ವಾಮಿ ಮಾಡಿದ್ದನ್ನು ಮೊದಲು ಬೇರೆ ಯಾರಾದರೂ ಮುಟ್ಟಲಿ ಎಂದು ಕಾಯುವುದು ನನ್ನ ವೃತ್ತಿಧರ್ಮ! ಅವನಿಗೆ ಹಳೆ ಟೈರುಗಳಿಗೆ ಹೊಸ ರಬ್ಬರು ಹಾಕುವ ಅಂಗಡಿಯಿದೆ, ಅದರ ಜೊತೆಗೆ ಯಂತ್ರ ಕಂಡುಹಿಡಿಯುವ ಚಟವೂ ಇದೆ. ನನ್ನ ಹಾಗೆ ಅವನ ಎದುರುಮನೆಯಲ್ಲಿ ವಾಸ ಮಾಡುವವರಿಗೆಂದೇ ಒಂದು ಪಾಲಿಸಿ ಇರಬೇಕಿತ್ತು. ನಮ್ಮ ಕಂಪನಿಗೆ ಇನ್ನೂ ಅಷ್ಟು ಧೈರ್ಯ ಬಂದಿಲ್ಲ.

ಸುತ್ತ ಬೇರೆ ಯಾರೂ ಇರಲಿಲ್ಲವಾದ್ದರಿಂದ ಕೊನೆಗೆ ನಾನೇ ಮುಟ್ಟಿದೆ. ಮೇ ತಿಂಗಳ ಬಳ್ಳಾರಿ. ಬೆಳಿಗ್ಗೆಯೇ ಓಣಿಯ ಕಲ್ಲು ಕಾದ ಹೆಂಚಾಗಿತ್ತು. ಟೈರು ಮಾತ್ರ ಮಡಕೆಯ ನೀರಿನ ಹಾಗೆ ತಣ್ಣಗಿತ್ತು!

“ಚಳಿಗಾಲದ ಟೈರು!” ಎಂದ ಎರ್ರಿಸ್ವಾಮಿ.

“ಬಳ್ಳಾರಿಗಾ?”

“ಬಳ್ಳಾರಿಗಲ್ಲೋ ಮಾರಾಯ, ಹಿಮಾಲಯಕ್ಕ! ಪೂಜಿ ಆದ ಕೂಡ್ಲೆ ಹೊಂಟೀವಿ!”

ಈ ಪ್ರಯಾಣದ ಹಿಂದೆ ಇದ್ದವರು ಅವನ ಹೆಂಡತಿ ಹೊನ್ನೂರಮ್ಮ. ಓಣಿಯ ಮೂಲೆಯಲ್ಲಿ ಅವರದು ಮಿರ್ಚಿ ಮಂಡಕ್ಕಿ ಅಂಗಡಿ. ಊರಿಗೆ ಊರೇ ಬೆಂದು ಹೋಗುವ ಬಿಸಿಲಿನಲ್ಲಿ ಕುದಿಯುವ ಎಣ್ಣೆಯ ಮುಂದೆ ನಿಂತೇ ಅವರ ಅರ್ಧ ಆಯುಷ್ಯ ಕಳೆದಿದೆ. ಒಮ್ಮೆ ಹಿಮವನ್ನು ಕೈಯಲ್ಲಿ ಹಿಡಿಯಬೇಕು ಎಂಬುದು ಅವರಿಗಿದ್ದ ಒಂದೇ ಆಸೆ. ಎರ್ರಿಸ್ವಾಮಿ ಮದುವೆಯ ವರ್ಷವೇ ಮಾತು ಕೊಟ್ಟಿದ್ದ. ಆದರೆ ಪ್ರತಿ ವರ್ಷ ಹೊರಡುವ ಹೊತ್ತಿಗೆ ಯಾವುದೋ ಒಂದು ಯಂತ್ರ ಅಡ್ಡ ಬರುತ್ತಿತ್ತು. ಈ ಸಲ ಅವರು ಬಾಣಲೆಯಿಂದ ಕಣ್ಣೆತ್ತದೆ ಹೇಳಿದ್ದರು: “ಈ ವರ್ಷನೂ ಹೋಗ್ಲಿಲ್ಲಂದ್ರ ಬಿಡ್ರಿ. ಇನ್ನ ಯಾವುದಕ್ಕೂ ಆಸಿ ಪಡಾಂಗಿಲ್ಲ ನಾನು.”

ಬೈದಿದ್ದರೆ ಎರ್ರಿಸ್ವಾಮಿ ಹೆದರುತ್ತಿರಲಿಲ್ಲ. ಬೈಯಲಿಲ್ಲವಲ್ಲ, ಅದಕ್ಕೇ ಅವನ ಜೀವ ಹಾರಿಹೋಯಿತು.

ಹೊರಡುವುದೇನೋ ಖಚಿತವಾಯಿತು. ಟೈರು ಖಚಿತವಾಗಲಿಲ್ಲ. ಆ ಜಗಳ ನನ್ನ ಮನೆಯ ಪಡಸಾಲೆವರೆಗೂ ಕೇಳಿಸುತ್ತಿತ್ತು.

“ಹಿಮದ ಮ್ಯಾಲೆ ಜಾರಿ ಕಣಿವಿಗೆ ಬಿದ್ರ ಏನ್ ಗತಿ? ಚಳಿಗಾಲದ ಟೈರೇ ಹಾಕ್ರಿ!”

“ಅದರ ರಬ್ಬರು ಮೆತ್ತಗ ಇರ್ತೈತಿ. ಈ ಬಿಸಿಲಿಗೆ ಹೊಸಪೇಟಿ ಮುಟ್ಟೋದ್ರಾಗ ಸವದು ಹೋಗ್ತೈತಿ! ಎಲ್ಲಾ ಕಾಲದ ಟೈರು ಹಾಕಾಣ. ಎಲ್ಲಾ ಕಡೆ ನಡೀತೈತಿ!”

“ಎಲ್ಲಾ ಕಡೆ ಅರೆಬರೆ ನಡೀತೈತಿ, ನಿಮ್ಮಂಗ!”

ಮನೆಯಲ್ಲಿ ಶಾಂತಿ ಬೇಕಲ್ಲ! ಎರ್ರಿಸ್ವಾಮಿ ರಾಜಿ ಮಾಡಿಕೊಂಡ. ಮುಂದೆ ಹೆಂಡತಿ ಹೇಳಿದ ಚಳಿಗಾಲದ ಟೈರು ಎರಡು, ಹಿಂದೆ ತಾನು ಹೇಳಿದ ಎಲ್ಲಾ ಕಾಲದ ಟೈರು ಎರಡು. ತಲೆ ನೆಟ್ಟಗಿರುವ ಯಾವ ಮೆಕ್ಯಾನಿಕ್ಕೂ ಒಂದು ಕಾರಿಗೆ ಎರಡು ಜಾತಿಯ ಟೈರು ಹಾಕುವುದಿಲ್ಲ. ಇವನು ಹಾಕಿದ್ದಲ್ಲದೆ ನಾಲ್ಕಕ್ಕೂ ಒಳಗೆ ತಂಪು ಯಂತ್ರ ಕೂರಿಸಿ, ಒಂದೊಂದಕ್ಕೆ ಒಂದೊಂದು ಪುಟ್ಟ ಮಿದುಳನ್ನೂ ಇಟ್ಟಿದ್ದ.

“ಹೊಂದಾಣಿಕೆ, ವಿರೂಪಣ್ಣ, ಹೊಂದಾಣಿಕೆ! ಮುಂದಿನ ಟೈರು ಎಷ್ಟು ತಣ್ಣಗೈತೋ ಹಿಂದಿಂದೂ ಅಷ್ಟೇ ತಣ್ಣಗ ಆಗ್ತೈತಿ!”

“ನಂದು ನಿಮ್ಮದಕ್ಕಿಂತ ಒಂದು ಕೈ ಹೆಚ್ಚಿಗಿರಬೇಕು ಅಂದಿದ್ದೆ. ಮಾಡೀರಾ?” ಎಂದರು ಹೊನ್ನೂರಮ್ಮ, ಚೀಲ ಹೊತ್ತು ಹೊರಗೆ ಬರುತ್ತಾ.

“ಮಾಡೀನಿ ಮಾರಾಯ್ತಿ! ನಿಂದು ಯಾವಾಗ್ಲೂ ಒಂದು ಕೈ ಹೆಚ್ಚು ತಣ್ಣಗ!”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹಿಂದಿನದು ಮುಂದಿನದರಷ್ಟು ತಣ್ಣಗಾಗಬೇಕು. ಮುಂದಿನದು ಹಿಂದಿನದಕ್ಕಿಂತ ಹೆಚ್ಚು ತಣ್ಣಗಾಗಬೇಕು. ಆಮೇಲೆ ಮತ್ತೆ ಹಿಂದಿನದು... ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಹೊಳೆಯುವಷ್ಟರಲ್ಲಿ ಎರ್ರಿಸ್ವಾಮಿ ಹೊಂದಾಣಿಕೆಯ ಸ್ವಿಚ್ಚು ಒತ್ತಿಬಿಟ್ಟಿದ್ದ!

ಪೂಜಾರಿ ಬಸಯ್ಯನವರು ಪೂಜೆಗೆ ಬಂದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಟೈರಿಗೆ ತಗುಲಿಸಿ ತೆಂಗಿನಕಾಯಿ ಇಟ್ಟು, ನಿಧಾನವಾಗಿ ಮಂತ್ರ ಹೇಳಿದರು. ಅಷ್ಟು ನಿಧಾನ ಮಾಡಬಾರದಿತ್ತು.

ಕಾಯಿ ಒಡೆದರೆ ನೀರು ಬರಲಿಲ್ಲ. ಗುಂಡನೆಯ ಮಂಜುಗಡ್ಡೆ ಉರುಳಿ ಬಂತು! ಬಸಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು.

“ಶುಭ ಶಕುನ!” ಎಂದು ಕೂಗಿ ಎರ್ರಿಸ್ವಾಮಿ ಕಾರು ಮುಂದೆ ಬಿಟ್ಟ. ನಿಂಬೆಹಣ್ಣು ಪಿಚಕ್ಕನೆ ಒಡೆಯುವ ಬದಲು ಠಣ್ಣನೆ ಚಿಮ್ಮಿತು! ಒಂದು ಬಸಯ್ಯನವರ ಆರತಿ ತಟ್ಟೆಗೆ ಬಡಿಯಿತು. ಇನ್ನೊಂದು ನನ್ನ ಸ್ಕೂಟರಿನ ಕನ್ನಡಿಯನ್ನು ಪುಡಿ ಮಾಡಿತು. ನಿಂಬೆಹಣ್ಣಿನಿಂದಾದ ಹಾನಿಗೆ ಯಾವ ಪಾಲಿಸಿಯಲ್ಲೂ ಪರಿಹಾರವಿಲ್ಲ, ನಾನು ಆಮೇಲೆ ಹುಡುಕಿ ನೋಡಿದ್ದೇನೆ.

ಕಾರು ನಾಲ್ಕು ಮಾರು ಹೋಗಿ ನಿಂತಿತು. ಟೈರುಗಳು ಓಣಿಯ ಕಲ್ಲಿಗೆ ಅಂಟಿಕೊಂಡಿದ್ದವು.

“ಆರಿಸೋ ಅದನ್ನ!” ಎಂದು ನಾನು ಚೀರಿದೆ.

“ಸ್ವಿಚ್ಚೇ ಮರಗಟ್ಟೈತಿ!”

ಕಲ್ಲಿನ ಮೇಲೆ ಬಿಳಿ ಪೊರೆ ಹರಡತೊಡಗಿತು. ನಲ್ಲಿಯಿಂದ ಬೀಳುತ್ತಿದ್ದ ನೀರು ಕಡ್ಡಿಯಾಗಿ ನಿಂತಿತು. ನೆರಳಿಗಾಗಿ ಕಾರಿನಡಿ ಮಲಗುತ್ತಿದ್ದ ನಾಯಿ ಓಡಿಹೋಗಿ ಬಿಸಿಲಿನಲ್ಲಿ ಕೂತಿತು! ಓಣಿಯವರೆಲ್ಲ ಕಂಬಳಿ ಹುಡುಕಿದರು. ಬಳ್ಳಾರಿಯಲ್ಲಿ ಮೇ ತಿಂಗಳಲ್ಲಿ ಕಂಬಳಿ ಎಲ್ಲಿದೆ ಎಂದು ಯಾರಿಗೆ ನೆನಪಿರುತ್ತದೆ? ನನ್ನ ಹೆಂಡತಿ ಕಿಟಕಿಯ ಪರದೆಯನ್ನೇ ಕಿತ್ತು ಹೊದ್ದುಕೊಂಡಳು.

ಆಗಲೇ ಫಟ್ ಎಂದಿತು. ಆ ಚಳಿಗೆ ಕಲ್ಲಾಗಿದ್ದ ಹಿಂದಿನ ಟೈರುಗಳೆರಡೂ ಹಪ್ಪಳದ ಹಾಗೆ ಚೂರಾಗಿ ಬಿದ್ದವು.

ಮುಂದಿನ ಟೈರುಗಳಿಗೆ ಮಾತ್ರ ಏನೂ ಆಗಲಿಲ್ಲ, ಅವು ಇನ್ನೂ ಚಳಿ ಕಾರುತ್ತಲೇ ಇದ್ದವು. ಗೆದ್ದವರು ಹೊನ್ನೂರಮ್ಮ. ಆದರೆ ಅವರು “ನಾ ಹೇಳಿದ್ನಿಲ್ಲ?” ಎನ್ನಲಿಲ್ಲ. ಚೀಲವನ್ನು ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕೂತರು.

“ಹೋಗ್ಲಿ ಬಿಡ್ರಿ,” ಎಂದರು. “ಅಂಗಡಿ ತಗೀತೀನಿ.”

ಎರ್ರಿಸ್ವಾಮಿ ಟೈರಿನ ಚೂರೊಂದನ್ನು ಹಿಡಿದು ನೆಲ ನೋಡುತ್ತಾ ನಿಂತ. ಕನ್ನಡಿಯ ಲೆಕ್ಕ ಕೇಳಬೇಕೆಂದಿದ್ದ ನಾನು ಆ ಇಬ್ಬರ ಮುಖ ನೋಡಿ ಅದನ್ನು ಅಲ್ಲಿಗೇ ಬಿಟ್ಟೆ. ಏನಾದರೂ ಮಾಡಬೇಕಲ್ಲ, ಅಂಟಿಕೊಂಡ ಕಾರನ್ನಾದರೂ ಬಿಡಿಸೋಣ ಎಂದು ನಮ್ಮ ಮಾಳಿಗೆಯ ಟ್ಯಾಂಕಿನಿಂದ ಪೈಪು ಎಳೆದು ತಂದೆ. ಟ್ಯಾಂಕಿನ ನೀರು ಬಿಸಿಲಿಗೆ ಕುದಿಯುತ್ತಿತ್ತು. ಪೈಪಿನ ಬಾಯನ್ನು ಹೆಬ್ಬೆರಳಿಂದ ಅದುಮಿ ಕಾರಿನ ಮೇಲೆ ಎತ್ತರಕ್ಕೆ ಚಿಮ್ಮಿಸಿದೆ.

ಮೇಲೆ ಹೋದ ನೀರು ನೀರಾಗಿ ಕೆಳಗೆ ಬರಲಿಲ್ಲ.

ಅರಳೆಯ ಹಾಗೆ ಬೆಳ್ಳಗೆ, ಹಗುರವಾಗಿ, ತೇಲುತ್ತಾ ಬಂತು. ಬಸಯ್ಯನವರ ಶಲ್ಯದ ಮೇಲೆ ಬಿತ್ತು, ನಾಯಿಯ ಮೂಗಿನ ಮೇಲೆ ಬಿತ್ತು. ಹೊನ್ನೂರಮ್ಮ ಎದ್ದು ಬಂದು ಎರಡೂ ಅಂಗೈ ಚಾಚಿದರು. ಎಣ್ಣೆ ಸಿಡಿದು ಸಿಡಿದು ಕಲೆಯಾದ ಆ ಕೈಗಳ ಮೇಲೆ ಹಿಮ ಬಿದ್ದಿತು.

“ಏನ್ರೀ... ನೋಡ್ರಿಲ್ಲೆ!” ಎಂದು ಅವರು ಅಳುತ್ತಲೇ ನಕ್ಕರು.

ಎರ್ರಿಸ್ವಾಮಿಗೆ ತಕ್ಷಣ ಜೀವ ಬಂತು. “ನಾ ಹೇಳಿದ್ನಲ್ಲ! ಟೈರು ನಮ್ಮನ್ನ ಹಿಮದ ಹತ್ರ ಒಯ್ದರೇನು, ಹಿಮಾನೇ ನಮ್ಮ ಹತ್ರ ತಂದರೇನು...”

“ಒಂದೀಟು ಸುಮ್ನಿರ್ರಿ!”

ಅವನು ಹೋಗಿ ಅವರ ಪಕ್ಕ ನಿಂತ. ಇಬ್ಬರ ತಲೆಯೂ ಬೆಳ್ಳಗಾಗುತ್ತಾ ಹೋಯಿತು. ನನ್ನ ಬೆರಳುಗಳು ಮರಗಟ್ಟಿದ್ದವು, ಆದರೂ ಪೈಪು ಬಿಡಲು ಮನಸ್ಸಾಗಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಸಂತೋಷದ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಕೊನೆಗೆ ಯಂತ್ರ ಗುರ್ ಎಂದು ಸುಸ್ತಾಗಿ ನಿಂತಿತು. ಬಳ್ಳಾರಿಯ ಬಿಸಿಲು ಗಳಿಗೆಯಲ್ಲಿ ಓಣಿಯನ್ನು ಒಣಗಿಸಿಬಿಟ್ಟಿತು. ಹೊನ್ನೂರಮ್ಮ ಸೆರಗು ಕೊಡವಿಕೊಂಡು ಹೇಳಿದರು: “ಮುಂದಿನ ವರ್ಷ ಸಮುದ್ರ ನೋಡಬೇಕು ರೀ. ಬಸ್ಸಿನ್ಯಾಗ ಹೋಗಾಣ.”

ಎರ್ರಿಸ್ವಾಮಿ ಒಂದು ಮಾತೂ ವಾದ ಮಾಡದೆ ತಲೆಯಾಡಿಸಿದ. ಆದರೆ ಅವನ ಕಣ್ಣು ನಮ್ಮ ಮಾಳಿಗೆಯ ಟ್ಯಾಂಕಿನ ಮೇಲಿತ್ತು. ನಾನು ಟ್ಯಾಂಕಿಗೆ ಅಂದೇ ಬೀಗ ಹಾಕಿಸಿದೆ.