ಬೋರಪ್ಪನ ನಾಮ ದಿಗ್ವಿಜಯ

ಬೋರಪ್ಪನಿಗೆ ಈ ಲೋಕದಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ, ತನ್ನ ಹೆಸರೊಂದನ್ನು ಬಿಟ್ಟು. ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಮರುಜನ್ಮ ಕೊಡುವುದು ಕಸುಬು. ಕೈಗುಣ ಒಳ್ಳೆಯದು, ಸುತ್ತಲ ಹಳ್ಳಿಯವರೆಲ್ಲ ಅವನಲ್ಲಿಗೇ ಬರುತ್ತಾರೆ. ಬಂದವರು ತಪ್ಪದೆ ಹೇಳುವ ಮಾತೂ ಒಂದೇ: "ಬೋರ್ ಮೋಟ್ರು ರಿಪೇರಿ ಮಾಡಾಕೆ ಬೋರಪ್ಪನೇ ಸರಿ ಬಿಡು." ಹೇಳಿದವನು ಈ ಚಮತ್ಕಾರವನ್ನು ಭೂಮಂಡಲದಲ್ಲಿ ತಾನೇ ಮೊದಲು ಕಂಡುಹಿಡಿದಂತೆ ನಗುತ್ತಾನೆ. ಬೋರಪ್ಪನೂ ನಗಬೇಕು. ಗಿರಾಕಿಯಲ್ಲವೇ.

ಅದು ತಾತನ ಹೆಸರು. ತಾತ ಆ ಹೆಸರಿಟ್ಟುಕೊಂಡು ಸುಖವಾಗಿ ಬಾಳಿ ಹೋಗಿದ್ದ, ಏಕೆಂದರೆ ಅವನ ಕಾಲದಲ್ಲಿ ಬೋರ್‌ವೆಲ್ಲೂ ಇರಲಿಲ್ಲ, 'ಬೋರಾಗುತ್ತೆ' ಅನ್ನುವವರೂ ಇರಲಿಲ್ಲ. ಮೊಮ್ಮಗನಿಗೆ ಎರಡೂ ಒಟ್ಟಿಗೆ ಗಂಟುಬಿದ್ದವು. ಶಾಲೆಯ ಓಟದಲ್ಲಿ ಮುಗ್ಗರಿಸಿದ್ದು, ಕಾಲೇಜಿನಲ್ಲಿ ಇಂಗ್ಲಿಷ್ ಕೈಕೊಟ್ಟಿದ್ದು, ಪಟ್ಟಣ ಪಂಚಾಯಿತಿ ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡದ್ದು, ಎಲ್ಲಕ್ಕೂ ಮೂಲ ಕಾರಣ ಈ ಹೆಸರೇ ಎಂದು ಅವನು ದೀರ್ಘ ಸಂಶೋಧನೆಯಿಂದ ಕಂಡುಕೊಂಡಿದ್ದ. (ಚುನಾವಣೆಯಲ್ಲಿ ಗೆದ್ದವನ ಹೆಸರು ವಿಜಯಕುಮಾರ. ಮತ ಎಣಿಸುವ ಶ್ರಮವನ್ನಾದರೂ ಸರ್ಕಾರ ಯಾಕೆ ತೆಗೆದುಕೊಂಡಿತೋ ಬೋರಪ್ಪನಿಗೆ ಇಂದಿಗೂ ತಿಳಿದಿಲ್ಲ.)

ಹೀಗಿರುವಾಗ ಅವನ ಹೆಂಡತಿ ಹೇಮಾವತಿ ತವರೂರಾದ ಹೊಸದುರ್ಗದಲ್ಲಿ ಹೆಣ್ಣುಮಗು ಹೆತ್ತಳು. ಸುದ್ದಿ ಕೇಳಿ ಓಡಿದ ಬೋರಪ್ಪ ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಹೆಂಡತಿ ಹೇಗಿದ್ದಾಳೆ ಎಂದು ಕೇಳಿದ (ಇದನ್ನು ಅವನ ಪರವಾಗಿ ಹೇಳಲೇಬೇಕು), ಆಮೇಲೆ ಮಗುವಿನ ತೂಕ ಕೇಳಿದ, ಆ ಕೂಡಲೇ ಹೆಸರಿನ ಚಿಂತೆಗೆ ಬಿದ್ದ. ತನಗಾದ ಅನ್ಯಾಯ ಮಗಳಿಗಾಗಬಾರದು. ಹೆಸರು ಕೂಗಿದರೆ ಸಾಕು, ಎದುರಿನವರು ಅರ್ಧ ಸೋತಿರಬೇಕು. ಗೆಲುವು ಅನ್ನುವ ಅರ್ಥ ಬರದ ಹೆಸರು ಬೇಡವೇ ಬೇಡ.

ಮೊದಲಿಗೆ ಹೊಳೆದದ್ದು ಜಯಾ. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆಯಲ್ಲಿ ಕೆಮ್ಮುತ್ತಲೇ ಅದನ್ನು ಪ್ರಸ್ತಾಪಿಸಿದ. ಅವನ ಅತ್ತೆ ಶಾಂತಕ್ಕ ಕಷಾಯದ ಲೋಟವನ್ನು ಕೆಳಗಿಟ್ಟರು. ಜಯಮ್ಮ ಅನ್ನುವುದು ಅವರ ಅತ್ತೆಯ ಹೆಸರಂತೆ. ಆ ಹೆಂಗಸು ತಮಗೆ ಹೊಟ್ಟೆ ತುಂಬ ಊಟ ಹಾಕಲಿಲ್ಲವೆಂದೂ, ಅವರ ಹೆಸರು ಹಿಡಿದು ಮೊಮ್ಮಗಳನ್ನು ಮುದ್ದು ಮಾಡುವುದು ತಮ್ಮ ಕೈಲಾಗದೆಂದೂ ಶಾಂತಕ್ಕ ಕಣ್ಣೊರೆಸಿಕೊಂಡರು. ಜಯಾ ಅಲ್ಲಿಗೇ ಮುಗಿಯಿತು. ಹೊಳಲ್ಕೆರೆಗೆ ಬಂದು ತಾಯಿ ತಿಪ್ಪಕ್ಕನ ಮುಂದೆ ವಿಜಯಾ ಎಂದ. ಎದುರುಮನೆಯ ವಿಜಯಮ್ಮನಿಗೂ ತಿಪ್ಪಕ್ಕನಿಗೂ ನಲ್ಲಿ ನೀರಿನ ಜಗಳವಾಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ತಾನು ಮೊಮ್ಮಗಳನ್ನು ಕೂಗಿದಾಗ ಆ ಎದುರುಮನೆಯವಳು ಓಗೊಟ್ಟರೆ ಏನು ಗತಿ ಎಂದು ತಿಪ್ಪಕ್ಕ ಕೇಳಿದಳು. ವಿಜಯಾಳನ್ನೂ ಕೈಬಿಟ್ಟ.

ವಿಜೇತಾ ಎಂಬುದನ್ನು ಹೇಮಾವತಿಯೇ ಹೊಡೆದು ಹಾಕಿದಳು. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಡಂ.

"ವಿಜೇತಾ ಅಂತ ಇಟ್ಟು ಗಣಿತದಾಗೆ ಫೇಲಾದ್ರೆ ಸ್ಟಾಫ್ ರೂಮಿನಾಗೆ ಹೆಂಗೆ ಆಡ್ಕಂತಾರೆ ಅಂತ ನಂಗೊತ್ತು ಕಣ್ರೀ," ಎಂದಳು. "ನಾನೂ ಆಡ್ಕಂಡೀನಿ."

ಮನೆಯವರನ್ನು ಶಾಸ್ತ್ರದಿಂದ ಮಣಿಸೋಣವೆಂದು ಬೋರಪ್ಪ ಪಂಚಾಂಗ ನೋಡುವ ಶಿವಕುಮಾರಪ್ಪನವರ ಬಳಿ ಹೋದ. ಅವರು ಹುಟ್ಟಿದ ಗಳಿಗೆ ಕೇಳಿ, ಬೆರಳು ಮಡಿಸಿ ಎಣಿಸಿ, ಪೂರ್ವಾಭಾದ್ರ ನಕ್ಷತ್ರ, ಎರಡನೇ ಪಾದ, ಹೆಸರು 'ಸೋ' ಅಕ್ಷರದಿಂದ ಶುರುವಾಗಬೇಕು ಎಂದರು. ಬೋರಪ್ಪ ಎರಡೂ ಕೈ ಜೋಡಿಸಿದ. 'ಸೋ'ದಿಂದ ಶುರುವಾಗುವ ಗೆಲುವಿನ ಹೆಸರು ಯಾವುದಾದರೂ ಇದೆಯೇ ಎಂದು ಅಂಗಲಾಚಿದ.

"ಸೋ ಅಂದ ಮ್ಯಾಲೆ ಮುಂದೆ ಏನು ಬರ್ತೈತೆ ಅಂತ ನಿಂಗೇ ಗೊತ್ತಲ್ಲಪ್ಪ," ಎಂದರು ಶಿವಕುಮಾರಪ್ಪ ಗಂಭೀರವಾಗಿ. "ಅದನ್ನು ಗೆಲುವು ಮಾಡಾಕೆ ನನ್ನ ಕೈಲಾಗಲ್ಲ."

ಕೊನೆಗೆ, ಜನ್ಮನಾಮ ಬೇರೆ, ಕರೆಯುವ ಹೆಸರು ಬೇರೆ ಇಟ್ಟುಕೊಳ್ಳಬಹುದು ಎಂಬ ಪರಿಹಾರವನ್ನು ಅವರಿಂದಲೇ ಹೊರಡಿಸಿಕೊಂಡು ಬಂದ. ಆ ಸಂಜೆಯೇ ಮೊಬೈಲಿನಲ್ಲಿ ತಡಕಾಡುವಾಗ ಅವನಿಗೆ ದರ್ಶನ ಕೊಟ್ಟಿತು, ಅಪರಾಜಿತಾ. ಅಂದರೆ ಸೋಲನ್ನೇ ಅರಿಯದವಳು. ಅದನ್ನು ಬಾಯ್ತುಂಬ ಹೇಳಿ ನೋಡಿದ. ಅಂಗಡಿಯ ಗೋಡೆಗೆ ಬಡಿದು ಮರಳಿ ಬಂದ ಸದ್ದಿಗೆ ಅವನಿಗೇ ಮೈ ಜುಮ್ಮೆಂದಿತು. ಇಂಥ ಹೆಸರು ತನಗಿದ್ದಿದ್ದರೆ ಇಷ್ಟು ಹೊತ್ತಿಗೆ ಎಂಎಲ್ಎ ಆಗಿರುತ್ತಿದ್ದೆ ಅನ್ನಿಸಿತು. (ಗಂಡಸಿಗೆ ಆ ಹೆಸರು ಒಪ್ಪುತ್ತದೆಯೇ ಎಂಬ ಸಂದೇಹ ಆ ಗಳಿಗೆಯಲ್ಲಿ ಸುಳಿಯಲಿಲ್ಲ.)

ಈ ಸಲ ಅವನು ಮೈಮರೆಯಲಿಲ್ಲ. ಒಬ್ಬೊಬ್ಬರನ್ನೇ ಒಲಿಸಿಕೊಂಡು ಬಂದ. ಅತ್ತೆಯ ಮನೆಯ ಸಂಪಿನ ಪಂಪು ಕೆಟ್ಟು ಬಹಳ ದಿನವಾಗಿತ್ತು. ಅದನ್ನು ಹೊಳಲ್ಕೆರೆಗೆ ಹೊತ್ತು ತಂದು, ತಂತಿ ಸುತ್ತಿ, ಮತ್ತೆ ಹೊತ್ತೊಯ್ದು ಕೂರಿಸಿ, ನೀರು ಮಹಡಿಗೆ ಏರುತ್ತಿದ್ದಾಗ ಹೆಸರು ಹೇಳಿದ. ಶಾಂತಕ್ಕ ನೀರು ನೋಡುತ್ತಲೇ, ನಿಮ್ಮಿಷ್ಟ ಅಳಿಯಂದ್ರೇ ಎಂದರು. ಹೇಮಾವತಿಗೆ ರಜೆ ಮುಗಿದ ಮೇಲೆ ಬೆಳಗಿನ ತಿಂಡಿಯ ಹೊಣೆ ತನ್ನದೆಂದು ಮಾತು ಕೊಟ್ಟ. ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿ, ಸರಿ ಎಂದಳು. ಕಷ್ಟವಾದದ್ದು ತಿಪ್ಪಕ್ಕನದು. ಅವಳ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. ಬೋರಪ್ಪ ಅಂಗನವಾಡಿಯಲ್ಲಿ ಹೇಳಿಕೊಡುವಂತೆ ತುಂಡು ಮಾಡಿ ಹೇಳಿಕೊಟ್ಟ. ಅವಳು ಅದನ್ನು "ಅಪ್ಪ, ರಾಜಿ, ತಾ" ಎಂದು ಮೂರು ಮಾತಾಗಿ ಹೇಳಿ ಮಗನ ಮುಖ ನೋಡಿದಳು.

"ಅಪ್ಪ ಯಾರ ಜತೆ ರಾಜಿ ಆಗ್ಬೇಕಂತಲೇ ಮಗ?"

ಯಾರ ಜೊತೆಗೂ ಅಲ್ಲ, ಅದೇ ಅದರ ಅರ್ಥ ಎಂದು ಬೋರಪ್ಪ ವಿವರಿಸಿದ. ತಿಪ್ಪಕ್ಕ ನಿಟ್ಟುಸಿರಿಟ್ಟು, ಇಟ್ಕ ಹೋಗು ಅತ್ಲಾಗೆ ಎಂದಳು. ಇದನ್ನೂ ಅವನು ಸಮ್ಮತಿಯ ಲೆಕ್ಕಕ್ಕೇ ಸೇರಿಸಿದ. ಎಲ್ಲರೂ ಇಷ್ಟು ಸಲೀಸಾಗಿ ಒಪ್ಪಿದರಲ್ಲ ಎಂದು ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ, ಹೆಮ್ಮೆಯಾಯಿತು.

ಉಳಿದವಳು ಅಕ್ಕ ಸುಮಿತ್ರಾ. ಅವಳು ಹಿರಿಯೂರು ಕಡೆಯ ಐಮಂಗಲದಲ್ಲಿ ಗಂಡನೊಂದಿಗೆ ಹೆದ್ದಾರಿ ಪಕ್ಕದ ಟೀ ಅಂಗಡಿ ನಡೆಸುತ್ತಾಳೆ. ತಾಯಿ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ತಮ್ಮನನ್ನು ಸೊಂಟದಿಂದ ಇಳಿಸದೆ ಸಾಕಿದವಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯೇ ಕಿವಿಯಲ್ಲಿ ಹೆಸರು ಹೇಳಬೇಕು, ಅದು ಅವಳ ಹಕ್ಕು. ಬೋರಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅಕ್ಕನನ್ನು ಒಪ್ಪಿಸುವುದು ಎಂಬುದೊಂದು ಕೆಲಸ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅಂಗಡಿಯಲ್ಲಿ ಮೋಟರ್ ಬಿಚ್ಚುತ್ತಲೇ ಮೊಬೈಲನ್ನು ಬಾಯಿ ಹತ್ತಿರ ಹಿಡಿದು ಅವಳಿಗೊಂದು ವಾಯ್ಸ್ ಮೆಸೇಜ್ ಕಳಿಸಿದ.

"ಅಕ್ಕಾ, ಭಾನುವಾರ ಹೊಸದುರ್ಗದಾಗೆ ನಾಮಕರಣ. ಬೇಗ ಬಾ. ಕಿವೀಲಿ ಅಪರಾಜಿತಾ ಅಂತ ಹೇಳ್ಬೇಕು, ಸ್ವಲ್ಪ ಪ್ರಾಕ್ಟೀಸ್ ಮಾಡ್ಕಂಡು ಬಾ. ತಪ್ಪು ಹೇಳಿ ಮರ್ಯಾದಿ ಕಳಿಬ್ಯಾಡ."

ಅವಳು ಕೇಳಿದಳೆಂಬ ನೀಲಿ ಗುರುತು ಬಿತ್ತು. ಸ್ವಲ್ಪ ಹೊತ್ತಿಗೆ ಒಂದು ಹೆಬ್ಬೆರಳಿನ ಚಿತ್ರ ಬಂತು. ಬೋರಪ್ಪ ನಿಶ್ಚಿಂತನಾಗಿ ಫ್ಲೆಕ್ಸ್ ಮಾಡುವ ಗೆಳೆಯ ಚಂದ್ರುವಿನ ಬಳಿಗೆ ಹೋದ.

ಭಾನುವಾರ ಬೆಳಿಗ್ಗೆ ಹೊಸದುರ್ಗದ ಆ ಬೀದಿಯ ತುದಿಯಲ್ಲಿ ಫ್ಲೆಕ್ಸ್ ಎದ್ದು ನಿಂತಿತ್ತು. 'ಕುಮಾರಿ ಅಪರಾಜಿತಾಳ ನಾಮಕರಣ ಮಹೋತ್ಸವಕ್ಕೆ ಆಗಮಿಸುತ್ತಿರುವ ಸರ್ವರಿಗೂ ಹಾರ್ದಿಕ ಸುಸ್ವಾಗತ.' ಕೆಳಗಡೆ ಕಣ್ಣು ಮುಚ್ಚಿ ಮಲಗಿದ ಮಗುವಿನ ಚಿತ್ರ. ಅದರ ಪಕ್ಕದಲ್ಲಿ, ಅದಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ, ಕೂಲಿಂಗ್ ಗ್ಲಾಸ್ ಹಾಕಿ ಕೈಮುಗಿದ ಬೋರಪ್ಪ. ಕಣ್ಣು ಮಂಜಾದ ಯಾರೋ ಹಿರಿಯರು, ಮತ್ತೆ ಎಲೆಕ್ಷನ್ ಬಂತಾ ಎಂದು ಕೇಳಿದರಂತೆ.

ಆಟೋ ಇಳಿದ ಸುಮಿತ್ರಾ ಆ ಫ್ಲೆಕ್ಸಿನ ಕೆಳಗೆ ನಿಂತು ಅಕ್ಷರ ಅಕ್ಷರವಾಗಿ ಓದಿದಳು. ಎದುರಿಗೆ ಓಡಿಬಂದ ತಮ್ಮನಿಗೆ, ಫೋಟೋ ಚೆನ್ನಾಗಿ ಬಂದೈತೆ ಎಂದಷ್ಟೇ ಹೇಳಿ ಒಳಗೆ ನಡೆದಳು.

ತೊಟ್ಟಿಲಿಗೆ ಹೂ ಕಟ್ಟಿದ್ದರು. ಹೆಂಗಸರು ಸುತ್ತ ನೆರೆದು ಹಾಡು ಹೇಳಿದರು. ಸುಮಿತ್ರಾ ಮಗುವನ್ನೆತ್ತಿ, ಸೆರಗು ಮರೆ ಮಾಡಿ, ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಕ್ಕರು. ಬೋರಪ್ಪ ಹೊಸ ರೇಷ್ಮೆ ಅಂಗಿಯ ಕಾಲರ್ ಸರಿ ಮಾಡಿಕೊಂಡು, ಕೂಗಿ ಹೇಳು ಅಕ್ಕಾ, ಎಲ್ರಿಗೂ ಕೇಳಿಸ್ಲಿ ಎಂದ.

"ಸಹನಾ," ಎಂದಳು ಸುಮಿತ್ರಾ.

ಬೋರಪ್ಪನ ಕೈ ಕಾಲರಿನ ಮೇಲೆಯೇ ಉಳಿಯಿತು. ಅಕ್ಕ ಮರೆತಳು ಅಂದುಕೊಂಡು, ಅದಲ್ಲ, ಇನ್ನೊಂದು, ಎಂದು ಮೆಲ್ಲಗೆ ನೆನಪಿಸಿದ. ಮಗುವಿನ ಕಿವಿಗೆ ಹೇಳಿ ಆಯಿತು, ಇನ್ನು ಅದನ್ನು ಬದಲಾಯಿಸುವಂತಿಲ್ಲ ಎಂದಳು ಅವಳು. ನಾನು ಮೆಸೇಜ್ ಕಳಿಸಿದ್ದೆನಲ್ಲ ಎಂದ.

"ಹೆದ್ದಾರಿ ಲಾರಿ ಸದ್ದಿನಾಗೆ ಏನೂ ಕೇಳಿಸ್ಲಿಲ್ಲ ಕಣಪ್ಪ." ಸುಮಿತ್ರಾಳ ದನಿ ಏರಲಿಲ್ಲ. "ಪಂಪು ಹೊತ್ಕಂಡು ಇಲ್ಲಿಗೆ ಬಂದ್ಯಂತೆ. ಜೋಯಿಸರ ಮನಿಗೆ ಹೋದ್ಯಂತೆ. ಅಮ್ಮಂಗೆ ದಿನಾ ಪಾಠ ಹೇಳ್ಕೊಟ್ಯಂತೆ. ಐಮಂಗಲದ ಬಸ್ಸೊಂದೇ ಸಿಗ್ಲಿಲ್ಲ, ಅಲ್ಲೇನೋ?"

ಹೊಳಲ್ಕೆರೆಯಿಂದ ಐಮಂಗಲಕ್ಕೆ ಚಿತ್ರದುರ್ಗದಲ್ಲಿ ಒಂದು ಬಸ್ಸು ಬದಲಾಯಿಸಿದರೆ ಆಯಿತು. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅಕ್ಕನ ಕಣ್ಣಂಚು ಕೆಂಪಾಗಿದ್ದನ್ನು ಕಂಡು ಅವನು ತಲೆ ತಗ್ಗಿಸಿದ. ಆದರೂ ಕೊನೆಯ ಪ್ರಯತ್ನವೆಂಬಂತೆ, ಹೋಗಿ ಹೋಗಿ ಸಹನಾ ಯಾಕೆ ಎಂದು ಕೇಳಿಯೇಬಿಟ್ಟ.

"ನಿನ್ನ ಮಗಳಾಗಿ ಬೆಳೀಬೇಕಲ್ಲ," ಎಂದಳು ಸುಮಿತ್ರಾ. "ಬೇಕಾಗೋದು ಅದೇ."

ನೆರೆದವರೆಲ್ಲ ನಕ್ಕರು. ಬೋರಪ್ಪ ತನಗೆ ಮಾತು ಕೊಟ್ಟವರ ಕಡೆ ನೋಡಿದ. ಶಾಂತಕ್ಕ ತಟ್ಟೆಗೆ ಲಾಡು ಜೋಡಿಸುವುದರಲ್ಲಿ ಮುಳುಗಿದ್ದರು. ತಿಪ್ಪಕ್ಕ "ಸಾನಾ, ನಮ್ಮವ್ವ ಸಾನಾ" ಎಂದು ಹೇಳಿ ನೋಡಿ, ನಾಲಿಗೆ ತೊಡರದೆ ಬಂದ ಖುಷಿಗೆ ಮತ್ತೆ ಮತ್ತೆ ಹೇಳುತ್ತಿದ್ದಳು. ಹೇಮಾವತಿಯಂತೂ, ಅದು ಅಕ್ಕನ ಹಕ್ಕು ಕಣ್ರೀ, ನಾವು ಏನು ಹೇಳಾಕಾಗ್ತೈತೆ ಎಂದು ಬಿಟ್ಟಳು. ಮಗುವಿಗೆ ಹೊಟ್ಟೆನೋವು ಬಂದಾಗೆಲ್ಲ ಅವಳು ಐಮಂಗಲಕ್ಕೇ ಫೋನು ಮಾಡಿ ಮದ್ದು ಕೇಳುತ್ತಿದ್ದಳೆಂದೂ, ಹೆಸರಿನ ಮಾತು ಬಂದಾಗ ನಿಮಗೆ ತೋಚಿದ್ದು ಇಡ್ರಿ ಅಕ್ಕಾ ಎಂದಿದ್ದಳೆಂದೂ ಆಮೇಲೆ ತಿಳಿಯಿತು. ಅತ್ತೆಗೂ ಅದು ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಅವನ ಮುಂದೆ ಎಲ್ಲರೂ ಧಾರಾಳವಾಗಿ ಹೂಂಗುಟ್ಟಿದ್ದೇ ಅದಕ್ಕೆ. ಹೂಂ ಎಂದರೆ ಯಾರದೇನೂ ಹೋಗುವಂತಿರಲಿಲ್ಲ.

ಊಟ ಮುಗಿಸಿದ ನೆಂಟರು ಫ್ಲೆಕ್ಸಿನ ಕೆಳಗೇ ಹಾದು ಹೋದರು. ಅಪರಾಜಿತಾ ಅನ್ನೋದು ಇನ್ನೊಂದು ಮಗುವಾ ಎಂದು ಒಬ್ಬರು ವಿಚಾರಿಸಿದರು. ಬೋರಪ್ಪ ಏಣಿ ತಂದು ತಾನೇ ಹತ್ತಿ ಅದನ್ನು ಬಿಚ್ಚಿದ. ಮಡಿಸಿ ಅಕ್ಕನ ಮುಂದೆ ಹೋಗಿ ನಿಂತು, ತಪ್ಪಾತು ಕಣಕ್ಕಾ ಎಂದ. ಅವಳು ಫ್ಲೆಕ್ಸನ್ನು ಕೈಯಿಂದ ತೆಗೆದುಕೊಂಡು, ಒಳ್ಳೇ ಗಟ್ಟಿ ಐತೆ, ಟೀ ಅಂಗಡಿ ಮ್ಯಾಲೆ ಹೊದಿಸ್ತೀನಿ ಎಂದಳು. ಇಬ್ಬರಿಗೂ ನಗು ಬಂತು.

ಅಷ್ಟರಲ್ಲಿ ಒಳಗೆ ಮಗು ಕಿರುಚಲು ಶುರುಮಾಡಿತು. ಕೈಯಿಂದ ಕೈಗೆ ಸಾಗಿತು, ಯಾರಿಗೂ ಜಗ್ಗಲಿಲ್ಲ. ಕೊನೆಗೆ ಹೇಮಾವತಿ ಅದನ್ನು ತಂದು ಬೋರಪ್ಪನ ಹೆಗಲಿಗೆ ಹಾಕಿ, ನೀವೊಂದಿಷ್ಟು ನೋಡ್ರಿ ಎಂದು ಊಟಕ್ಕೆ ಹೋದಳು. ಬೋರಪ್ಪ ಜಗುಲಿಗೆ ಬಂದ. ಸುತ್ತ ಯಾರೂ ಇರಲಿಲ್ಲ. ಅವನ ತಲೆಯಲ್ಲೊಂದು ಯೋಚನೆ ಬಂತು. ಹೆಸರು ಯಾರದು? ಮಗುವಿನದು. ಹಾಗಾದರೆ ಅದನ್ನೇ ಕೇಳಬೇಕು. ಪುಟ್ಟ ಕಿವಿಗೆ ಬಾಯಿಟ್ಟು ಮೆಲ್ಲಗೆ, ಆಸೆಯಿಂದ, "ಅಪರಾಜಿತಾ" ಎಂದ.

ಮಗು ಮುಖ ಕೆಂಪಾಗಿಸಿಕೊಂಡು, ಮುಷ್ಟಿ ಬಿಗಿದು, ಮೊದಲಿಗಿಂತ ಎರಡರಷ್ಟು ಜೋರಾಗಿ ಅತ್ತಿತು. ಇನ್ನೊಮ್ಮೆ ಹೇಳಿದ. ಬೀದಿಯ ಆ ತುದಿಯ ಮನೆಯವರು ಕಿಟಕಿ ತೆರೆದು ನೋಡಿದರು. ಬೋರಪ್ಪ ಹೆದರಿ, ಬೆನ್ನು ತಟ್ಟುತ್ತ, ಸೋತ ದನಿಯಲ್ಲಿ, "ಆಯ್ತವ್ವ, ಸಹನಾ, ಸಹನಾ, ನೀನು ಸಹನಾನೇ" ಎಂದ.

ಅಳು ಗಕ್ಕನೆ ನಿಂತಿತು. ಅವನು ಬೆರಗಾಗಿ ನಿಂತುಬಿಟ್ಟ. ಇನ್ನು ವಾದ ಮಾಡಲು ಏನೂ ಉಳಿದಿರಲಿಲ್ಲ. ಸ್ವತಃ ಮಗಳೇ ತೀರ್ಪು ಕೊಟ್ಟ ಮೇಲೆ ತನ್ನದೆಂತಹ ಹಟ ಎಂದುಕೊಂಡು, ಅಪರಾಜಿತಾಳನ್ನು ಮನಸ್ಸಿನಿಂದ ತೆಗೆದುಹಾಕಿದ.

ಮರುಕ್ಷಣವೇ ಮಗು ದೊಡ್ಡವರು ತೇಗುವಂತೆ ತೇಗಿ, ಕುಡಿದಿದ್ದ ಹಾಲನ್ನೆಲ್ಲ ಅವನ ರೇಷ್ಮೆ ಅಂಗಿಯ ಮೇಲೆ ಕಕ್ಕಿ, ನಿರಾಳವಾಗಿ ಕಣ್ಣು ಮುಚ್ಚಿತು.

ಬಾಗಿಲಲ್ಲಿ ಬಂದು ನಿಂತಿದ್ದ ಹೇಮಾವತಿ ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು. "ಅಷ್ಟೇ ನೋಡ್ರಿ. ತೇಗು ಸಿಕ್ಕಂಡಿತ್ತು, ಅದಕ್ಕೇ ಅಳ್ತಿತ್ತು," ಎಂದಳು.

ಹಾಗಾದರೆ ತೀರ್ಪು ಬಂದಿರಲೇ ಇಲ್ಲ. ಈಗ ಹೊಟ್ಟೆ ಹಗುರಾಗಿದೆ, ಮಗು ಶಾಂತವಾಗಿದೆ. ಈಗ ಇನ್ನೊಮ್ಮೆ ಆ ಹೆಸರು ಹೇಳಿದರೆ ಹೇಗೆ ಎಂದು ಬೋರಪ್ಪನ ಬಾಯಿ ಅರ್ಧ ತೆರೆಯಿತು.

"ಕಿವಿ ಹತ್ರ ಏನೋ ಹೇಳ್ತಿದ್ರಲ್ಲ, ಏನದು?" ಎಂದು ಕೇಳಿದಳು ಹೇಮಾವತಿ.

"ಇನ್ನೇನು, ಸಹನಾ ಅಂದೆ," ಎಂದ ಬೋರಪ್ಪ.