ಮೂವತ್ತೈದು ಕುದುರೆ, ಒಬ್ಬ ಸಡ್ಡಕ

ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರು ಒಂದೇ ಊರಿನಲ್ಲಿ ಒಂದೇ ಕಸುಬು ಹಿಡಿದರೆ, ನಗುವ ಕೆಲಸ ಊರಿನವರದು, ಉರಿಯುವ ಕೆಲಸ ಅವರಿಬ್ಬರದು. ನಾನು ಮತ್ತು ನನ್ನ ಸಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದವರು. ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿಕೊಂಡು ಮಣಿಕೊಂಡದ ಅಪಾರ್ಟ್‌ಮೆಂಟುಗಳಿಗೆ ನೀರು ಹಾಕುತ್ತೇವೆ. ಇಬ್ಬರಿಗೂ ನೀರು ತುಂಬಿಸುವ ಬೋರು ಒಂದೇ, ಗಿರಾಕಿಗಳು ಅವರೇ, ಅತ್ತೆಮನೆಯೂ ಒಂದೇ. ಇಷ್ಟಿದ್ದ ಮೇಲೆ ಏನೂ ಆಗದೆ ಒಂದು ದಿನ ಕಳೆಯುವುದು ಹೇಗೆ?

1. ಹಳೇ ಕಾಲದ ಕುದುರೆ

ಸಡ್ಡಕ ಐವತ್ತು ಎಚ್‌ಪಿಯ ಹೊಸ ಟ್ರ್ಯಾಕ್ಟರ್ ತಂದ ದಿನ ಅದನ್ನು ಮೊದಲು ನಿಲ್ಲಿಸಿದ್ದು ಗುಡಿಯ ಮುಂದಲ್ಲ, ನನ್ನ ಮನೆಯ ಮುಂದೆ. ಅದರ ಪಕ್ಕದಲ್ಲಿ ನನ್ನದು ಮೋರಿಕಟ್ಟೆಗೆ ಒರಗಿ ನಿಂತ ಮುದುಕನ ಹಾಗೆ ಕಂಡಿತು. ಹೆಂಡತಿ ಆರತಿ ತಟ್ಟೆ ಹಿಡಿದುಕೊಂಡು ಬಂದವಳು ನನ್ನನ್ನು ಕೇಳಿದಳು:

“ಅವರದು ಐವತ್ತಂತ. ನಿಮ್ಮದು ಎಷ್ಟರಿ?”

“ಮೂವತ್ತೈದು,” ಎಂದೆ. “ಆದರ ಇದು ಹಳೇ ಕಾಲದ ಮೂವತ್ತೈದು, ತಿಳಕೋ. ಆಗಿನ ಕಬ್ಬಿಣ ಬ್ಯಾರೆ, ಆಗಿನ ಇಂಜಿನ್ ಬ್ಯಾರೆ. ಆಗಿನ ಒಂದೊಂದು ಕುದುರಿನೂ ಈಗಿನ ಎರಡಕ್ಕ ಸಮ.”

ಅವಳು ಸಡ್ಡಕನ ಗಾಡಿಗೆ ಆರತಿ ಬೆಳಗುತ್ತಲೇ ಹೇಳಿದಳು:

“ಖರೇ ಐತಿ ಬಿಡ್ರಿ. ಆದರ ಆಗಿನ ಕುದುರಿಗೆ ಈಗ ವಯಸ್ಸಾಗಿರಬೇಕಲ್ಲ?”

2. ಇಳಿಜಾರಿನ ಮನೆ

ಬಾಡಿಗೆ ಮನೆ ಹುಡುಕುವಾಗ ಎಲ್ಲರೂ ನೀರು, ಗಾಳಿ, ಬೆಳಕು ಕೇಳುತ್ತಾರೆ. ನಾನು ಇಳಿಜಾರು ಕೇಳಿದ್ದೆ. ನನ್ನ ಗಾಡಿಯ ಬ್ಯಾಟರಿ ಯಾವತ್ತೋ ಕೈಕೊಟ್ಟಿತ್ತು. ರಾತ್ರಿ ಇಳಿಜಾರಿನ ತಲೆಯ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮಲಗುವುದು, ಬೆಳಿಗ್ಗೆ ಕಲ್ಲು ತೆಗೆದು ಉರುಳಿಸಿ, ಗೇರಿಗೆ ಹಾಕಿ ಚಾಲೂ ಮಾಡುವುದು. ಇಂಜಿನ್ ಮಾತ್ರ ಒಂದು ದಿನವೂ ಇಲ್ಲ ಅಂದದ್ದಿಲ್ಲ.

ಒಂದು ದಿನ ನಮ್ಮ ಗಲ್ಲಿಗೆ ಸಿಮೆಂಟ್ ರಸ್ತೆ ಬಂತು. ಏರು ತಗ್ಗು ಎಲ್ಲ ಕಡಿದು ಸಪಾಟು ಮಾಡಿದರು. ಗಲ್ಲಿಯವರು ಪೇಢೆ ಹಂಚಿದರು. ನಾನೊಬ್ಬನೇ ಸತ್ತವರ ಮನೆಯವನಂತೆ ಕಟ್ಟೆಯ ಮೇಲೆ ಕುಳಿತಿದ್ದೆ.

ಸುದ್ದಿ ತಿಳಿದು ಸಡ್ಡಕ ಬಂದ. ಕೀಲಿ ತಿರುವಿದರೆ ಸಾಕು, ಅವನದು ಎಲ್ಲಿ ಬೇಕಾದರೂ ಚಾಲೂ ಆಗುತ್ತದೆ. ನನ್ನ ಹೆಗಲ ಮೇಲೆ ಕೈಯಿಟ್ಟು ಭಾಳ ಮೆತ್ತಗೆ ಹೇಳಿದ:

“ಚಿಂತಿ ಮಾಡಬ್ಯಾಡ್ರಿ ಅಣ್ಣಾರ. ದಿನಾ ಮುಂಜಾನೆ ನಾನ ಬಂದು ನಿಮ್ಮ ಗಾಡಿ ಎಳೆದು ಚಾಲೂ ಮಾಡಿಕೊಡ್ತೀನಿ.”

ಅವತ್ತು ಸಂಜೆಯೇ ಹೋಗಿ ಹೊಸ ಬ್ಯಾಟರಿ ತಂದೆ. ಇಷ್ಟು ವರ್ಷ ಹೆಂಡತಿ ಬೈದು ಮಾಡಿಸಲಾಗದ ಕೆಲಸ, ಸಡ್ಡಕನ ಒಂದು ಒಳ್ಳೆಯ ಮಾತಿಗೆ ಆಗಿಹೋಯಿತು.

3. ಸುಲ್ತಾನ್ ಬಜಾರಿನ ಇಂಜಿನ್

ಅಷ್ಟರಲ್ಲಿ ಮಣಿಕೊಂಡದ ಗುಡ್ಡದ ಮೇಲಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನವರು ಬೇಸಿಗೆ ಮುಗಿಯುವವರೆಗೂ ನೀರು ಹಾಕಲು ಒಂದೇ ಟ್ರ್ಯಾಕ್ಟರ್ ಗೊತ್ತು ಮಾಡುತ್ತಾರೆಂದು ತಿಳಿಯಿತು. ಏರು ದಾರಿ, ಜೋರಾದ ಗಾಡಿಯೇ ಬೇಕಂತೆ. ನನ್ನ ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಸಡ್ಡಕನ ಕಡೆ ಸರಿಯುತ್ತಿದ್ದ ಕಾಲ ಅದು. ಹೆಂಡತಿ ಸ್ಪಷ್ಟವಾಗಿ ಹೇಳಿಬಿಟ್ಟಳು:

“ಇದೂ ಸಿಗಲಿಲ್ಲಂದ್ರ ಗಾಡಿ ಗುಜರಿಗೆ ಹಾಕಿ, ಅವರ ಗಾಡಿಗೆ ಡ್ರೈವರ್ ಆಗಿ ಹೋಗ್ರಿ.”

ಸಡ್ಡಕನ ಕೈಕೆಳಗೆ ಡ್ರೈವರ್! ಮರುದಿನವೇ ಸುಲ್ತಾನ್ ಬಜಾರಿಗೆ ಹೋಗಿ, ಸ್ಟಿಕ್ಕರ್ ಕತ್ತರಿಸುವವನ ಹತ್ತಿರ ‘55 HP’ ಎಂದು ದಪ್ಪಗೆ ಮಾಡಿಸಿದೆ. ಸುಳ್ಳು ಹೇಳುವುದೇ ಆದರೆ ಐವತ್ತಕ್ಕೆ ಯಾಕೆ ನಿಲ್ಲಬೇಕು? ಅಂಗಡಿಯವನು “ಕ್ಯಾ ಭಾಯ್, ನಯಾ ಗಾಡಿ ಲಿಯೇ?” ಎಂದ. “ನೈ ಭಾಯ್, ಖಾಲಿ ನಂಬರ್ ಲಿಯಾ,” ಎಂದೆ, ಗಾಡಿ ಹಳೆಯದೇ, ನಂಬರ್ ಅಷ್ಟೇ ಹೊಸದು.

ಗಾಡಿ ಕೊಂಡ ಹೊಸದರಲ್ಲಿ ಬಾನೆಟ್ಟಿನ ನೆತ್ತಿಯ ಮೇಲೆ ದೊಡ್ಡದಾಗಿ ‘35’ ಬರೆಸಿದ್ದೆ. ಸರಿಯಾಗಿ ಅದರ ಮೇಲೆಯೇ ಸ್ಟಿಕ್ಕರ್ ಅಂಟಿಸಿದೆ. ಮೇಲಿನ ಮಹಡಿಯವರಿಗೂ ಕಾಣಲಿ ಎಂಬ ದೂರದೃಷ್ಟಿ.

ಸಡ್ಡಕ ನನ್ನ ಗಾಡಿಗೆ ಪ್ರದಕ್ಷಿಣೆ ಹಾಕಿದ. “ಏನರಿ ಅಣ್ಣಾರ ಇದು?”

“ನಾಚಾರಂ ಗ್ಯಾರೇಜಿನ್ಯಾಗ ಇಂಜಿನ್ ಬಿಚ್ಚಿಸಿ ಪಿಸ್ಟನ್, ಲೈನರ್ ಎಲ್ಲಾ ಬದಲಿ ಮಾಡಿಸೀನಿ.”

ಅವನಿಗೆ ರಾತ್ರಿ ನಿದ್ದೆ ಬರಲಿಲ್ಲವೆಂದು ನಾದಿನಿ ನನ್ನ ಹೆಂಡತಿಗೆ ಫೋನ್ ಮಾಡಿ ಹೇಳಿದಳು. ಅವತ್ತು ನಾನು ಸುಖವಾಗಿ ನಿದ್ದೆ ಮಾಡಿದೆ. ಆದರೆ ವಾರ ಕಳೆಯುವುದರೊಳಗೆ ಅವನ ಬಾನೆಟ್ಟಿನ ಮೇಲೆ ‘60 HP’ ಎದ್ದು ನಿಂತಿತ್ತು. ಅಕ್ಷರ ನೋಡಿದೆ, ಅದೇ ಅಂಗಡಿ. ಒಂದು ತೊಟ್ಟು ಡೀಸೆಲ್ ಕುಡಿಯದೆ ನಮ್ಮಿಬ್ಬರ ಮನೆಯಲ್ಲಿ ಮೂವತ್ತು ಕುದುರೆ ಹುಟ್ಟಿದ್ದವು.

4. ಏರು ದಾರಿ

ಅಪಾರ್ಟ್‌ಮೆಂಟಿನ ಸೆಕ್ರೆಟರಿ ತೆಲುಗಿನವರು, ಲೆಕ್ಕದ ಮನುಷ್ಯ. ತುಂಬಿದ ಟ್ಯಾಂಕರನ್ನು ಇಬ್ಬರೂ ಮೇಲಕ್ಕೆ ಎಳೆದು ತೋರಿಸಿ ಎಂದರು. ಸಡ್ಡಕ ಮೊದಲು ಹೋದ. ಹೂವಿನ ಬುಟ್ಟಿ ಹೊತ್ತವನಂತೆ ಹತ್ತಿಬಿಟ್ಟ. ಗಾಡಿ ಗೇಟಿನ ಹತ್ತಿರ ನಿಲ್ಲಿಸಿ, ನನ್ನ ಅವಸ್ಥೆ ನೋಡಲು ಅರ್ಧ ಏರಿನವರೆಗೆ ಇಳಿದು ಬಂದು ಕೈಕಟ್ಟಿ ನಿಂತ.

ನನ್ನದು ಅರ್ಧ ಏರು ಹತ್ತುವವರೆಗೆ ಚೆನ್ನಾಗಿಯೇ ಇತ್ತು. ಇಂಜಿನ್ ಗುಡುಗುತ್ತಿತ್ತು, ಹೊಗೆ ಬಿಡುತ್ತಿತ್ತು, ಆದರೆ ಸೋಲಲಿಲ್ಲ. ಸೋತದ್ದು ಮುಂದಿನ ಚಕ್ರಗಳು. ಹಿಂದಿನ ಟ್ಯಾಂಕರಿನ ಭಾರಕ್ಕೆ ಅವು ನೆಲ ಬಿಟ್ಟು ಮೇಲೆದ್ದವು. ಮೂವತ್ತೈದು ಕುದುರೆಗಳೂ ಒಟ್ಟಿಗೆ ಹಿಂಗಾಲ ಮೇಲೆ ನಿಂತವು. ನನಗೆ ರಸ್ತೆ ಹೋಗಿ ಆಕಾಶ ಕಾಣತೊಡಗಿತು.

ಗಾಡಿ ಹೀಗೆ ಎದ್ದರೆ ಪಕ್ಕದಲ್ಲಿದ್ದವನು ಓಡಿ ಬಂದು ಮುಂಭಾಗಕ್ಕೆ ಭಾರವಾಗಿ ಬಾನೆಟ್ ಮೇಲೆ ಕೂರಬೇಕು. ನಮ್ಮ ಕಸುಬಿನಲ್ಲಿ ಇದು ರೂಢಿ. ಅಲ್ಲಿ ಯಾರು ಶತ್ರು, ಯಾರು ಸಡ್ಡಕ ಎಂದು ನೋಡುವುದಿಲ್ಲ. ಸಡ್ಡಕ ಓಡಿ ಬಂದು ಒಂದೇ ನೆಗೆತಕ್ಕೆ ಮೇಲೆ ಕೂತ. ಅತ್ತೆಮನೆಯ ಹೋಳಿಗೆ ಅವನಿಗೇ ಹೆಚ್ಚು ಬೀಳುತ್ತದೆಂದು ನಾನು ಎಷ್ಟೋ ಸಲ ಉರಿದುಕೊಂಡಿದ್ದೆ. ಆ ಹೋಳಿಗೆಯೆಲ್ಲ ಅವತ್ತು ನನ್ನ ಉಪಯೋಗಕ್ಕೆ ಬಂತು. ಚಕ್ರಗಳು ನೆಲಕ್ಕಿಳಿದವು. “ಕುಂಡಿ ಸುಡಾಕತ್ತೈತ್ರೋ ಅಣ್ಣಾರ, ಲಗೂ ಹೊಡೀರಿ!” ಎಂದು ಅವನು ಕೂಗುತ್ತಿದ್ದಂತೆಯೇ ಮೇಲೆ ಮುಟ್ಟಿದೆವು.

ಸೆಕ್ರೆಟರಿ ತೀರ್ಪು ಕೊಟ್ಟರು. ಸಡ್ಡಕನ ಕಡೆ ತಿರುಗಿ, “ಅರವತ್ತು ಎಚ್‌ಪಿ ಅಂದರೆ ಭಾರೀ ಗಾಡಿ. ಟ್ಯಾಂಕರ್ ನಿಲ್ಲಿಸುವುದು ನಮ್ಮ ಸೆಲ್ಲಾರ್ ಪಾರ್ಕಿಂಗಿನ ಸ್ಲ್ಯಾಬ್ ಮೇಲೆ. ಬಿರುಕು ಬಿಟ್ಟರೆ? ನೀವು ಬೇಡ,” ಎಂದರು.

“ಸುಳ್ಳರಿ ಸಾರ್, ಅದು ಐವತ್ತು!” ಎಂದು ಸಡ್ಡಕ ತನ್ನ ಗಾಡಿಯ ಹತ್ತಿರ ಓಡಿ ಸ್ಟಿಕ್ಕರ್ ಕಿತ್ತು ತೋರಿಸಲು ಬಗ್ಗಿದ. ಬಗ್ಗಿದ್ದೇ ತಪ್ಪಾಯಿತು. ನೆರೆದವರೆಲ್ಲ ಹೋ ಎಂದು ನಕ್ಕರು. ಬಾನೆಟ್ಟಿನ ಕಾವಿಗೆ ಅಂಟು ಕರಗಿ, ನನ್ನ ‘55 HP’ ಅವನ ಪ್ಯಾಂಟಿನ ಹಿಂದೆ ಅಂಟಿಕೊಂಡಿತ್ತು. ನನ್ನ ಬಾನೆಟ್ ಮೇಲೆ ಹಳೆಯ ‘35’ ಹಲ್ಲು ಕಿರಿಯುತ್ತಿತ್ತು.

ಸೆಕ್ರೆಟರಿ ನನ್ನ ಗಾಡಿ ನೋಡಿದರು, ಸಡ್ಡಕನ ಹಿಂಭಾಗ ನೋಡಿದರು, ನಗು ತಡೆದುಕೊಂಡು ನನಗೆ ಹೇಳಿದರು: “ನಿಮ್ಮ ಗಾಡಿ ಹಗುರ, ಸ್ಲ್ಯಾಬಿಗೆ ಒಳ್ಳೆಯದು. ಕೆಲಸ ನಿಮಗೇ. ಆದರೆ ಈ ಐವತ್ತೈದು ಎಚ್‌ಪಿಯನ್ನೂ ದಿನಾ ಜೊತೆಗೆ ಕರೆತರಬೇಕು.”

ಹಾಗೆ ನಾನು ಸಡ್ಡಕನ ಗಾಡಿಗೆ ಡ್ರೈವರ್ ಆಗುವುದು ತಪ್ಪಿತು. ಈಗ ಬಾಡಿಗೆಯಲ್ಲಿ ಪಾಲು ಮಾತಾಡಿಕೊಂಡು, ಪ್ರತಿ ಟ್ರಿಪ್ಪಿಗೂ ಅವನೇ ನನ್ನ ಬಾನೆಟ್ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುತ್ತಾನೆ. ಇಷ್ಟಾದರೂ ನನ್ನ ಹೊಟ್ಟೆ ತಣ್ಣಗಾಗಿಲ್ಲ. ಗಾಡಿ ನನ್ನದು, ಡೀಸೆಲ್ ನನ್ನದು, ಸ್ಟೇರಿಂಗ್ ಹಿಡಿದು ಬೆವರುವವನು ನಾನು. ಬಾಲ್ಕನಿಯ ಮಕ್ಕಳೆಲ್ಲ ಟಾಟಾ ಮಾಡುವುದು ಮಾತ್ರ ಮುಂದೆ ಮದುಮಗನ ಹಾಗೆ ಕೂತವನಿಗೆ!